ಪದ ಬೇಕಾಗಿದೆ: ಜೀಪಿನ ವೈರ್‌ಲೆಸ್ ಕೈಪಿಡಿಯಲ್ಲಿ ‘ಅರ್ತ್’ (ತುರ್ತು)

ಮೈಸೂರಿನಿಂದ

ಮಾನ್ಯರೇ,

ಅರಣ್ಯ ಗಸ್ತಿನ ಜೀಪುಗಳಲ್ಲಿ ವೈರ್‌ಲೆಸ್ ಸೆಟ್ ಕೂರಿಸುವ ವಿಧಾನವನ್ನು ತಿಳಿಸುವ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕಾಗಿರುವುದರಿಂದ ಒಂದು ಪದದ ವಿಷಯದಲ್ಲಿ ತಮ್ಮ ನೆರವು ಕೂಡಲೇ ಬೇಕಾಗಿದೆ. ಇದನ್ನು ಓದುವವರು ಚಾಲಕರು, ಗ್ಯಾರೇಜಿನಲ್ಲಿ ವೈರಿಂಗ್ ಮಾಡುವವರು ಮತ್ತು ಕಳ್ಳಬೇಟೆ ತಡೆ ಶಿಬಿರಗಳ ಕಾವಲುಗಾರರು. ಪದಕೋಶ ತೆರೆದು ನೋಡುವಷ್ಟು ವ್ಯವಧಾನ ಅವರಲ್ಲಿ ಯಾರಿಗೂ ಇರುವುದಿಲ್ಲ.

ಪದ ವಿದ್ಯುತ್ ಕೆಲಸದಲ್ಲಿ ಬಳಸುವ ಇಂಗ್ಲಿಷಿನ ‘ಅರ್ತ್’, ಕೆಲವೆಡೆ ಅದನ್ನೇ ‘ಗ್ರೌಂಡ್’ ಎಂದಿದ್ದಾರೆ. ಮೂಲದಲ್ಲಿ ಅದು ಮೂರು ಕಡೆ ಬರುತ್ತದೆ. ಸೆಟ್ಟಿನ ಕಪ್ಪು ತಂತಿಯನ್ನು ವಾಹನದ ಅರ್ತಿಗೆ ಜೋಡಿಸಬೇಕು ಎನ್ನುವಲ್ಲಿ ಒಮ್ಮೆ, ಆಂಟೆನಾದ ಬುಡದಲ್ಲಿ ‘ಗ್ರೌಂಡ್ ಪ್ಲೇನ್’ ಇರಬೇಕು ಎನ್ನುವಲ್ಲಿ ಇನ್ನೊಮ್ಮೆ, ಶಿಬಿರದಲ್ಲಿ ನಿಲ್ಲಿಸುವ ಆಂಟೆನಾ ಕಂಬಕ್ಕೆ ಸಿಡಿಲಿನ ಭಯದಿಂದ ಅರ್ತ್ ಕೊಡಬೇಕು ಎನ್ನುವಲ್ಲಿ ಮತ್ತೊಮ್ಮೆ. ನನ್ನ ಕೈಗೆ ಬಂದಿರುವ ಹಳೆಯ ಕರಡಿನಲ್ಲಿ ಮೂರಕ್ಕೂ ‘ಭೂಸಂಪರ್ಕ’ ಎಂದೇ ಇದೆ. ಅಲ್ಲದೆ ‘ಕಪ್ಪು ತಂತಿಯನ್ನು ಭೂಮಿಗೆ ಜೋಡಿಸಿರಿ’, ‘ಆಂಟೆನಾದ ಕೆಳಗೆ ನೆಲದ ಸಮತಲವಿರಲಿ’ ಎಂಬ ವಾಕ್ಯಗಳೂ ಇವೆ. ರಬ್ಬರ್ ಟೈರುಗಳ ಮೇಲೆ ನಿಂತಿರುವ ಜೀಪಿನಲ್ಲಿ ತಂತಿಯನ್ನು ಯಾವ ಭೂಮಿಗೆ ಜೋಡಿಸಬೇಕು ಎಂದು ಓದಿದವನು ಕೇಳಿದರೆ ಈ ಕರಡಿನಲ್ಲಿ ಅದಕ್ಕೆ ಉತ್ತರವಿಲ್ಲ.

‘ಫೋರ್ ವೀಲ್ ಡ್ರೈವ್’ ಎಂಬುದಕ್ಕೆ ‘ನಾಲ್ಕು ಚಕ್ರದ ವಾಹನ’ ಎಂದಿದ್ದುದನ್ನು ನಾನೇ ತೆಗೆದುಹಾಕಿದ್ದೇನೆ, ಏಕೆಂದರೆ ಆ ಮಾತು ಎಲ್ಲ ಕಾರುಗಳಿಗೂ ಸಲ್ಲುತ್ತದೆ. ಕೊಡಚಾದ್ರಿಗೂ ಮಾಂದಲಪಟ್ಟಿಗೂ ಜೀಪು ಹತ್ತಿಸುವವರು ‘ಫೋರ್ ಬೈ ಫೋರ್’ ಎನ್ನುವುದರಿಂದ ಅದನ್ನೇ ಇಟ್ಟಿದ್ದೇನೆ. ಆ ಚರ್ಚೆಯನ್ನು ಈಗ ಎತ್ತಬಾರದೆಂದು ಕೋರುತ್ತೇನೆ.

ಧಾರವಾಡದಿಂದ

ಸಹೋದರಿ,

‘ಭೂಸಂಪರ್ಕ’ ಎಂಬ ಪದದಲ್ಲಿ ಯಾವ ದೋಷವೂ ಇಲ್ಲ. ಸಂಸ್ಕೃತ ವ್ಯಾಕರಣದ ಧಾತುಗಳ ಪಟ್ಟಿಯಾದ ಧಾತುಪಾಠದ ಮೊದಲನೆಯ ಧಾತುವೇ ‘ಭೂ ಸತ್ತಾಯಾಮ್’. ಇರುವಿಕೆ ಎಂಬುದು ಅದರ ಅರ್ಥ. ಎಲ್ಲವೂ ಯಾವುದರ ಆಸರೆಯಲ್ಲಿ ಇದೆಯೋ ಅದೇ ಭೂಮಿ. ‘ಭೂ’ ಎಂದೊಡನೆ ಮಣ್ಣನ್ನು ಮಾತ್ರ ನೆನೆಯುವುದು ಸಂಕುಚಿತವಾದ ಗ್ರಹಿಕೆ. ನೆಲೆ, ಆಧಾರ ಎಂಬ ಭಾವವೂ ಅದರಲ್ಲಿ ಅಡಗಿದೆ. ವಿದ್ಯುತ್ತಿನ ಓಟಕ್ಕೆ ಜೀಪಿನ ಲೋಹವೇ ನೆಲೆಯಾಗಿರುವಾಗ ಆ ಲೋಹವನ್ನು ‘ಭೂ’ ಎನ್ನುವುದು ಶಾಸ್ತ್ರಸಮ್ಮತ. ‘ಗ್ರೌಂಡ್ ಪ್ಲೇನ್’ ಎಂಬುದಕ್ಕೆ ‘ಆಧಾರತಲ’ ಎನ್ನಿ. ಪಠ್ಯಪುಸ್ತಕಗಳಲ್ಲಿ ನೆಲೆ ಕಂಡಿರುವ ಪದವನ್ನು ಗ್ಯಾರೇಜಿನ ಮಾತಿಗಾಗಿ ಕೈಬಿಡುವುದು ಸಲ್ಲದು.

ಶಿವಮೊಗ್ಗದಿಂದ

ಧಾತುಪಾಠ ಓದಿಕೊಂಡು ಯಾರೂ ತಂತಿ ಜೋಡಿಸುವುದಿಲ್ಲ.

ಕನ್ನಡದಲ್ಲಿ ‘ಒಡಲು’ ಇದೆ, ತಮಿಳು ಮಲಯಾಳಗಳಲ್ಲಿ ಅದೇ ‘ಉಡಲ್’. ಬೇರೂ ನಮ್ಮದು, ತಿರುಳೂ ನಮ್ಮದು. ಜೀಪಿನ ಲೋಹವೆಲ್ಲ ಅದರ ಒಡಲು. ಕಪ್ಪು ತಂತಿಯನ್ನು ಒಡಲಿಗೆ ಜೋಡಿಸಬೇಕು, ಆಂಟೆನಾದ ಕೆಳಗೆ ‘ಒಡಲಹಾಳೆ’ ಇರಬೇಕು, ಶಿಬಿರದ ಕಂಬಕ್ಕೆ ‘ನೆಲಸೇರ್ಕೆ’ ಕೊಡಬೇಕು. ಮೂರೂ ಪದಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ‘ಅರ್ತ್’ ಎಂಬುದನ್ನಂತೂ ದಯವಿಟ್ಟು ಬಳಸಬೇಡಿ. ಊರೂರಿನ ಫಲಕಗಳಲ್ಲಿ ಅದನ್ನು ‘ಅರ್ಥಿಂಗ್’ ಎಂದು ಮಹಾಪ್ರಾಣ ಹಾಕಿ ಬರೆದಿದ್ದಾರೆ. ಅದನ್ನು ಓದುವವನಿಗೆ ‘ಅರ್ಥ’ ನೆನಪಾಗುತ್ತದೆಯೇ ಹೊರತು ತಂತಿಯಲ್ಲ. ‘ವೈರ್‌ಲೆಸ್ ಸೆಟ್’ ಎಂಬುದನ್ನೂ ‘ನುಡಿಪೆಟ್ಟಿಗೆ’ ಎಂದು ಬದಲಿಸಬಹುದು.

ಸಕಲೇಶಪುರದಿಂದ

ಮೈಸೂರಿನ ಮೇಡಂ ಅವರಿಗೆ ನಮಸ್ಕಾರ. ಜೀಪುಗಳಿಗೆ ವೈರ್‌ಲೆಸ್ ಕೂರಿಸುವ ಕೆಲಸದಲ್ಲಿ ಬಹುಕಾಲ ಇದ್ದವನು ನಾನು. ಕೈ ಎಲ್ಲಿಗೆ ಹೋಗಬೇಕು ಎಂಬುದು ನಿಶ್ಚಯವಾಗದೆ ಪದ ನಿಶ್ಚಯವಾಗುವುದಿಲ್ಲವಾದ್ದರಿಂದ, ಆ ಮೂರು ‘ಅರ್ತ್’ಗಳು ಏನೆಂಬುದನ್ನು ಮೊದಲು ಹೇಳುತ್ತೇನೆ.

ಕಪ್ಪು ತಂತಿಗೆ ಭೂಮಿಯೊಂದಿಗೆ ಯಾವ ಸಂಬಂಧವೂ ಇಲ್ಲ. ಕೆಂಪು ತಂತಿಯಲ್ಲಿ ಸೆಟ್ಟಿಗೆ ಹೋದ ಕರೆಂಟು ಬ್ಯಾಟರಿಯ ಮೈನಸ್ಸಿಗೆ ಹಿಂದಿರುಗುವ ದಾರಿ ಅದು, ಅಷ್ಟೆ. 25 ವ್ಯಾಟಿನ ಸೆಟ್ಟು ಮಾತನಾಡುವ ಹೊತ್ತಿನಲ್ಲಿ 5–6 ಆಂಪಿಯರ್ ಎಳೆಯುತ್ತದೆ. ಆದ್ದರಿಂದಲೇ ಅದನ್ನು ಸಿಗರೇಟ್ ಲೈಟರಿನ ಸಾಕೆಟ್ಟಿನ ತೆಳ್ಳನೆಯ ತಂತಿಗೆ ಸಿಕ್ಕಿಸದೆ, ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ, ಇಂಜಿನ್ನಿಗೂ ಚಾಲಕನಿಗೂ ನಡುವಿನ ತಗಡಿನ ತೂತಿಗೆ ರಬ್ಬರ್ ಬುಷ್ ಕೊಟ್ಟು ಒಳಗೆ ತರುತ್ತೇವೆ. ಹಾಗೆ ಮಾಡದಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಇಂಜಿನ್ನಿನ ವೇಗ ಏರಿದಂತೆಲ್ಲ ಸ್ಪೀಕರಿನಲ್ಲಿ ಒಂದು ಕೊರೆಯುವ ಸದ್ದೂ ಏರುತ್ತದೆ.

ಈಗ ಶಿವಮೊಗ್ಗದವರ ‘ಒಡಲು’ ಎಂಬ ಪದವನ್ನು ನೋಡೋಣ. ಜಿಪ್ಸಿ, ಬೊಲೆರೊ, ಥಾರ್‌ಗಳಲ್ಲಿ ಚಾಸಿ (ಅಡಿಯ ಚೌಕಟ್ಟು) ಬೇರೆ, ಬಾಡಿ ಬೇರೆ. ಏಣಿಯಂತಿರುವ ಚಾಸಿಯ ಮೇಲೆ ರಬ್ಬರ್ ಬುಷ್‌ಗಳನ್ನಿಟ್ಟು ಬಾಡಿಯನ್ನು ಬೋಲ್ಟ್ ಮಾಡಿರುತ್ತಾರೆ. ಇಂಜಿನ್ನೂ ರಬ್ಬರಿನ ಮೇಲೆಯೇ ಕೂತಿರುತ್ತದೆ. ಇವುಗಳ ನಡುವೆ ಕರೆಂಟು ನಿಶ್ಚಿತವಾಗಿ ಹರಿಯುವುದು ಹೆಣೆದ ಲೋಹದ ಪಟ್ಟಿಗಳ ಮೂಲಕ. ಮಲೆನಾಡಿನ ಮಳೆಯಲ್ಲಿ ಆ ಪಟ್ಟಿಗಳಿಗೆ ತುಕ್ಕು ಹಿಡಿಯುತ್ತದೆ. ‘ಒಡಲಿಗೆ ಜೋಡಿಸಿ’ ಎಂದು ಓದಿದವನು ಕೈಗೆ ಹತ್ತಿರವಿದ್ದ ಯಾವುದೋ ತಿರುಪಿಗೆ ಕಪ್ಪು ತಂತಿಯನ್ನು ಕಟ್ಟಿದರೆ, ಮೈನಸ್ಸಿಗೆ ಹೋಗುವ ದಾರಿ ಕೆಟ್ಟ ದಿನ ಸ್ಟಾರ್ಟರಿನ ಭಾರೀ ಕರೆಂಟು ಆಂಟೆನಾ ಕೇಬಲ್ಲಿನ ಹೊರಹೆಣಿಗೆಯ ಮೂಲಕವೋ ಈ ಕಪ್ಪು ತಂತಿಯ ಮೂಲಕವೋ ದಾರಿ ಮಾಡಿಕೊಳ್ಳಬಹುದು. ಬ್ಯಾಟರಿಯ ಮೈನಸ್ಸಿಗೆ ನೇರವಾಗಿ ಜೋಡಿಸಿದಾಗಲೂ ಈ ಅಪಾಯ ಇರುವುದರಿಂದಲೇ ಕಪ್ಪು ತಂತಿಗೂ ಫ್ಯೂಸ್ ಇರಲಿ ಎಂದು ಅನುಭವಸ್ಥರು ಹೇಳುತ್ತಾರೆ. ಆದ್ದರಿಂದ ಅಲ್ಲಿ ‘ಭೂ’, ‘ಒಡಲು’ ಎರಡೂ ಬೇಡ. ‘ಬ್ಯಾಟರಿಯ ಮೈನಸ್ಸಿಗೆ’ ಎಂದು ಬರೆಯಿರಿ. ‘ಋಣಾಗ್ರ’ ಎಂದು ಬರೆದರೆ ಪುಸ್ತಕ ಮುಚ್ಚಿಡುತ್ತಾರೆ.

ಎರಡನೆಯದು ಆಂಟೆನಾದ ಬುಡ. 150 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅಲೆಯ ಉದ್ದ 2 ಮೀಟರ್, ಅದರ ಕಾಲು ಭಾಗವೆಂದರೆ ಸುಮಾರು 50 ಸೆಂಟಿಮೀಟರಿನ ಕಡ್ಡಿ. ಆ ಕಡ್ಡಿ ಆಂಟೆನಾದ ಅರ್ಧ ಮಾತ್ರ. ಇನ್ನರ್ಧ ಅದರ ಬುಡದ ಸುತ್ತ ಹರಡಿರುವ ತಗಡು. ಸುತ್ತಲೂ ಕಡ್ಡಿಯ ಉದ್ದದಷ್ಟಾದರೂ ತಗಡು ಬೇಕಾದ್ದರಿಂದಲೇ ಚಾವಣಿಯ ನಟ್ಟನಡುವೆ ಕೂರಿಸುವುದು ಉತ್ತಮ ಎನ್ನುತ್ತಾರೆ. ಬೊಲೆರೊದ ತಗಡಿನ ಚಾವಣಿಯಲ್ಲಿ ಇದು ಸುಲಭ. ಕ್ಯಾನ್ವಾಸ್ ಹೊದಿಸಿದ ಜಿಪ್ಸಿಯಲ್ಲಿ ಚಾವಣಿಯಲ್ಲಿ ತಗಡೇ ಇಲ್ಲ. ಅಲ್ಲಿ ಬಾನೆಟ್ಟಿನ ಅಂಚಿಗೆ ಹಿಡಿಕೆ ಹಾಕಬೇಕು, ಇಲ್ಲವೇ ಬೇರೆ ತಗಡನ್ನು ಕೂರಿಸಬೇಕು. ಇಂಥದ್ದನ್ನು ‘ನೆಲದ ಸಮತಲ’ ಎಂದರೆ ಓದುಗ ಜೀಪನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕೆಂದು ತಿಳಿದುಕೊಳ್ಳುತ್ತಾನೆ, ಅವನ ತಪ್ಪು ಅದರಲ್ಲಿ ಏನೂ ಇರುವುದಿಲ್ಲ. ನಾವು ಅದಕ್ಕೆ ‘ಬಾಡಿ’ ಎನ್ನುತ್ತೇವೆ: ಆಂಟೆನಾಕ್ಕೆ ಬಾಡಿ ಸಿಗಬೇಕು, ಬಾಡಿ ಸಿಕ್ಕಿಲ್ಲ.

ಮೂರನೆಯದು ಶಿಬಿರದ ಕಂಬ. ಮಣ್ಣಿನಲ್ಲಿ ಕೊಳವೆ ಹೂತು, ಉಪ್ಪು ಇದ್ದಿಲು ತುಂಬಿ, ಕಂಬದಿಂದ ತಂತಿ ಇಳಿಸುವ ಕೆಲಸ. ಅದೊಂದೇ ನಿಜವಾದ ಅರ್ತ್. ಧಾರವಾಡದ ಹಿರಿಯರ ‘ಭೂಸಂಪರ್ಕ’ವನ್ನು ಅಲ್ಲಿ ಇಟ್ಟರೆ ನನ್ನ ಆಕ್ಷೇಪಣೆ ಇಲ್ಲ.

ಬೆಂಗಳೂರಿನಿಂದ

ಸಕಲೇಶಪುರದವರ ವಿವರಣೆ ಚರ್ಚೆಯನ್ನು ಸರಿಯಾದ ದಾರಿಗೆ ತಂದಿದೆ. ಭಾಷೆಯ ಕಡೆಯಿಂದ ಅದಕ್ಕೆ ಬೆಂಬಲವಾಗಿ ಇಷ್ಟು ಸೇರಿಸುತ್ತೇನೆ. ಇಂಗ್ಲಿಷಿನವರು ಈ ಮೂರನ್ನೂ ಒಂದೇ ಪದದಲ್ಲಿ ಕಟ್ಟಿರುವುದಕ್ಕೆ ಚಾರಿತ್ರಿಕ ಕಾರಣವಿದೆ. ಟೆಲಿಗ್ರಾಫಿಗೆ ಹೋಗಲೊಂದು ಬರಲೊಂದು ತಂತಿ ಬೇಕಾಗಿದ್ದ ಕಾಲದಲ್ಲಿ, 1838ರ ಹೊತ್ತಿಗೆ, ಜರ್ಮನಿಯ ಸ್ಟೈನ್‌ಹೈಲ್ ಅವರು ಹಿಂದಿರುಗುವ ತಂತಿಯ ಬದಲು ಮಣ್ಣನ್ನೇ ಬಳಸಬಹುದೆಂದು ತೋರಿಸಿಕೊಟ್ಟರು. 1895ರಲ್ಲಿ ಮಾರ್ಕೋನಿಯವರೂ ತಮ್ಮ ಉಪಕರಣದ ಒಂದು ತುದಿಯನ್ನು ಎತ್ತರಕ್ಕೇರಿಸಿ ಇನ್ನೊಂದನ್ನು ಮಣ್ಣಿಗೆ ಸೇರಿಸಿದರು. ಮುಂದೆ ವಾಹನಗಳಲ್ಲಿ ಮಣ್ಣಿನ ಕೆಲಸವನ್ನು ಲೋಹದ ಮೈ ಮಾಡತೊಡಗಿದಾಗ ಹಳೆಯ ಹೆಸರೇ ಅದಕ್ಕೂ ಅಂಟಿಕೊಂಡಿತು. ಆ ಚರಿತ್ರೆ ಇಂಗ್ಲಿಷಿನದು; ಅದನ್ನು ಕನ್ನಡವೂ ಹೊರಬೇಕಾಗಿಲ್ಲ. ಜರ್ಮನ್ನರು ಮಣ್ಣಿನದಕ್ಕೆ ‘ಎರ್ಡೆ’ ಎಂದೂ ವಾಹನದ ಲೋಹದ್ದಕ್ಕೆ ‘ಮಾಸ್ಸೆ’ ಎಂದೂ ಬೇರೆಬೇರೆ ಪದ ಇಟ್ಟುಕೊಂಡಿದ್ದಾರೆ. ಫ್ರೆಂಚರಲ್ಲಿಯೂ ‘ತೆರ್’ ಬೇರೆ, ‘ಮಾಸ್’ ಬೇರೆ. ಆದ್ದರಿಂದ ‘ಭೂ’ ಎಂಬ ಒಂದೇ ಪದವನ್ನು ಎಳೆದು ಮೂರಕ್ಕೂ ಹೊದಿಸುವುದು ಶಾಸ್ತ್ರವಲ್ಲ, ಇಂಗ್ಲಿಷಿನ ನಕಲು.

‘ಒಡಲು’ ಎಂಬುದಕ್ಕೂ ನನ್ನ ಒಪ್ಪಿಗೆಯಿಲ್ಲ. ಇಂದಿನ ಕನ್ನಡದಲ್ಲಿ ಅದು ಹೊಟ್ಟೆಯನ್ನೂ ಒಳಭಾಗವನ್ನೂ ಸೂಚಿಸುತ್ತದೆ: ತಾಯ ಒಡಲು, ಒಡಲ ಬೇಗೆ, ಕಡಲ ಒಡಲು. ‘ಜೀಪಿನ ಒಡಲು’ ಎಂದರೆ ಜನ ಸೀಟಿನ ಕಡೆ ನೋಡುತ್ತಾರೆ. ಹೊರಮೈಯ ತಗಡಿಗೆ ಕನ್ನಡದ ಪದವೇ ಬೇಕೆಂದಾದರೆ ‘ಮೈ’ ಸಾಕು.

ಶಿವಮೊಗ್ಗದಿಂದ

‘ಮೈ’ ಎಂಬುದನ್ನು ಒಪ್ಪುತ್ತೇನೆ, ‘ಬಾಡಿ’ ಎಂಬುದನ್ನು ಒಪ್ಪುವುದಿಲ್ಲ. ಹೂವು ಬಾಡಿತು, ಬಾಡಿ ಬಿದ್ದಿತು ಎನ್ನುವ ನುಡಿಯಲ್ಲಿ ‘ಬಾಡಿ’ಗೆ ಆಗಲೇ ಒಂದು ಹುರುಳಿದೆ. ಮೆಕ್ಯಾನಿಕ್ ಆಡುತ್ತಾನೆ ಎಂಬ ಒಂದೇ ಕಾರಣಕ್ಕೆ ಮೈನಸ್, ಬಾಡಿ, ಬುಷ್, ಫ್ಯೂಸ್ ಎಲ್ಲವನ್ನೂ ಹಾಗೆಯೇ ಇಡುವುದಾದರೆ ಈ ಪುಸ್ತಕವನ್ನು ಅನುವಾದಿಸುವ ಶ್ರಮವೇಕೆ? ಎರವಲಿಗೆ ಒಮ್ಮೆ ಬಾಗಿಲು ತೆರೆದವರಿಗೆ ಅದನ್ನು ಎಲ್ಲಿ ಮುಚ್ಚಬೇಕೆಂಬುದು ತಿಳಿಯುವುದಿಲ್ಲ.

ಧಾರವಾಡದಿಂದ

ನಕಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ರೇಡಿಯೊ ನಿಲಯ ಆರಂಭಿಸಿದಾಗ ‘ಆಕಾಶವಾಣಿ’ ಎಂಬ ಹೆಸರು ಬಂದಿತು, ಮುಂದೆ ಇಡೀ ದೇಶ ಅದನ್ನು ಒಪ್ಪಿಕೊಂಡಿತು. ಸಂಸ್ಕೃತದ ಪದ ಜನರಿಗೆ ತಿಳಿಯುವುದಿಲ್ಲ ಎನ್ನುವವರು ಇದಕ್ಕೆ ಏನೆನ್ನುತ್ತಾರೆ? ‘ನಿಸ್ತಂತು’ ಎಂಬ ಸುಂದರವಾದ ಪದವಿರುವಾಗ ‘ವೈರ್‌ಲೆಸ್’ ಯಾಕೆ ಬೇಕು?

ಬೆಂಗಳೂರಿನಿಂದ

‘ಆಕಾಶವಾಣಿ’ ಕೇಳುವವರಿಗಾಗಿ ಇಟ್ಟ ಹೆಸರು. ಅದನ್ನು ತಪ್ಪಾಗಿ ತಿಳಿದರೂ ಫ್ಯೂಸ್ ಹೋಗುವುದಿಲ್ಲ. ಇಲ್ಲಿರುವುದು ಆಜ್ಞಾರ್ಥದ ವಾಕ್ಯ, ಓದಿದ ಮರುಕ್ಷಣ ಕೈ ಅದರಂತೆ ನಡೆಯಬೇಕು.

ಶಿವಮೊಗ್ಗದವರ ಪ್ರಶ್ನೆಗೆ ಉತ್ತರ: ಅನುವಾದ ಆಗಬೇಕಾಗಿರುವುದು ವಾಕ್ಯ. ಎಲ್ಲಿ, ಯಾವಾಗ, ಯಾಕೆ, ಮಾಡದಿದ್ದರೆ ಏನಾಗುತ್ತದೆ ಎಂಬುದೆಲ್ಲ ಕನ್ನಡದಲ್ಲಿ ಬಂದರೆ ಪುಸ್ತಕ ಕನ್ನಡದ್ದಾಗುತ್ತದೆ. ನಾಮಪದಗಳನ್ನೆಲ್ಲ ಬದಲಿಸಿ ವಾಕ್ಯದ ಕಟ್ಟನ್ನು ಇಂಗ್ಲಿಷಿನಲ್ಲೇ ಬಿಟ್ಟರೆ ಆಗುವುದಿಲ್ಲ. ‘ತಂತಿ’ಯೇ ಸಂಸ್ಕೃತದ ‘ತಂತ್ರೀ’ಯಿಂದ ಬಂದ ತದ್ಭವ. ವೀಣೆಯಲ್ಲಿದ್ದ ಆ ಪದ ಬೇಲಿಗೆ ಬಂದಿತು, ಬಳಿಕ ಟೆಲಿಗ್ರಾಮಿಗೂ ಬಂದಿತು. 2013ರ ಜುಲೈನಲ್ಲಿ ಆ ಸೇವೆ ನಿಂತಿತಾದರೂ ‘ತಂತಿ ಬಂತು’ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ. ‘ವೈರ್‌ಲೆಸ್ಸಿನಲ್ಲಿ ಹೇಳಿದರು’ ಎಂದು ಕಾವಲುಗಾರ ಏಳನೆಯ ವಿಭಕ್ತಿ ಹಚ್ಚಿ ಆಡುವಾಗ ಆ ಪದವೂ ಅದೇ ದಾರಿ ಹಿಡಿದಿದೆ. ‘ನುಡಿಪೆಟ್ಟಿಗೆ’, ‘ನಿಸ್ತಂತು’ ಎರಡನ್ನೂ ಅವನು ಬೇರೊಂದು ಉಪಕರಣವೆಂದೇ ತಿಳಿಯುತ್ತಾನೆ.

ಶಿವಮೊಗ್ಗದಿಂದ

ತದ್ಭವವಾಗಲು ನೂರಾರು ವರುಷ ಬೇಕು. ‘ಬಾಡಿ’ ಆ ಹೊತ್ತನ್ನು ಕಳೆದಿಲ್ಲ.

ಮೈಸೂರಿನಿಂದ

ಎಲ್ಲರಿಗೂ ಕೃತಜ್ಞತೆಗಳು. ಸಮಯ ಇಲ್ಲವಾದ್ದರಿಂದ ನನ್ನ ತೀರ್ಮಾನವನ್ನು ತಿಳಿಸುತ್ತೇನೆ. ಒಂದು ಪದ ಬೇಕೆಂದು ಕೇಳಿದ್ದೆ. ಮೂರು ಬೇಕೆಂಬುದು ಸ್ಪಷ್ಟವಾಗಿದೆ. ವಾಕ್ಯಗಳು ಹೀಗಿರುತ್ತವೆ:

‘ಸೆಟ್ಟಿನ ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್ಸಿಗೆ ನೇರವಾಗಿ ಜೋಡಿಸಿ, ಜೀಪಿನ ಬೇರಾವ ಬೋಲ್ಟಿಗೂ ಜೋಡಿಸಬೇಡಿ.’ ‘ಆಂಟೆನಾದ ಬುಡಕ್ಕೆ ಬಾಡಿ ಸಿಗಬೇಕು, ಅಂದರೆ ಬುಡದ ಲೋಹ ಜೀಪಿನ ಮೈಯ ತಗಡನ್ನು ಮುಟ್ಟಬೇಕು, ಸುತ್ತಲೂ ಅರ್ಧ ಮೀಟರಿನಷ್ಟು ತಗಡು ಇರುವ ಜಾಗವನ್ನು ಆರಿಸಿಕೊಳ್ಳಿ.’ ‘ಶಿಬಿರದ ಕಂಬಕ್ಕೆ ಅರ್ತ್ ಕೊಡಿ: ಮಣ್ಣಿನಲ್ಲಿ ಹೂತ ಕೊಳವೆಗೆ ಕಂಬದಿಂದ ತಂತಿ ಇಳಿಸಿ.’

‘ಭೂಸಂಪರ್ಕ’ವನ್ನು ಮೂರನೆಯ ಭಾಗದ ತಲೆಬರಹದಲ್ಲಿ ಉಳಿಸಿಕೊಂಡಿದ್ದೇನೆ. ‘ಬಾಡಿ’ಯೊಂದಿಗೆ ‘ಮೈ’ಯೂ ಒಂದೇ ವಾಕ್ಯದಲ್ಲಿ ಬಂದಿರುವುದರಿಂದ ಶಿವಮೊಗ್ಗದವರು ಇದನ್ನು ಸಹಿಸಿಕೊಳ್ಳಬಹುದೆಂದು ನಂಬಿದ್ದೇನೆ.

ಸಕಲೇಶಪುರದಿಂದ

ಮೇಡಂ, ವಾಕ್ಯಗಳು ಸರಿಯಾಗಿವೆ. ಎರಡನೆಯದರಲ್ಲಿ ‘ಮುಟ್ಟಬೇಕು’ ಎಂದಷ್ಟೇ ಹೇಳಿದರೆ ಸಾಲದು, ಏಕೆಂದರೆ ಬಣ್ಣದ ಮೇಲೆ ಬೋಲ್ಟ್ ಬಿಗಿದರೂ ಮುಟ್ಟಿದಂತೆಯೇ ಕಾಣುತ್ತದೆ, ಆದರೆ ಬಾಡಿ ಸಿಕ್ಕಿರುವುದಿಲ್ಲ. ‘ಬೋಲ್ಟ್ ಕೂರುವಷ್ಟು ಜಾಗದಲ್ಲಿ ಒಳಬದಿಯ ಬಣ್ಣವನ್ನು ಲೋಹ ಹೊಳೆಯುವ ತನಕ ಕೆರೆದು, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಸವರಿ’ ಎಂದು ಸೇರಿಸಿ. ಅಯಸ್ಕಾಂತದ ಬುಡವಿರುವ ಆಂಟೆನಾ ಆದರೆ ಕೆರೆಯಬೇಕಾಗಿಲ್ಲ, ತಗಡಿನ ಮೇಲೆ ಇಟ್ಟರೆ ಸಾಕು ಎಂಬುದನ್ನೂ ಬರೆಯಿರಿ. ಇಲ್ಲವಾದರೆ ಹೊಸ ಜೀಪುಗಳ ಚಾವಣಿಯನ್ನೂ ಕೆರೆದಾರು. ಇನ್ನೊಂದು ಮಾತು: ಆಂಟೆನಾ ಜೋಡಿಸುವ ಮೊದಲು ಮೈಕಿನ ಗುಂಡಿಯನ್ನು ಒತ್ತಬಾರದೆಂಬ ವಾಕ್ಯ ಮೂಲದಲ್ಲಿ ಕೊನೆಯ ಪುಟದಲ್ಲಿದ್ದರೆ ಅದನ್ನು ಮೊದಲ ಪುಟಕ್ಕೆ ತನ್ನಿ. ಆಂಟೆನಾ ಇಲ್ಲದೆ ಗುಂಡಿ ಒತ್ತಿದರೆ ಸೆಟ್ಟಿನೊಳಗಿನ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.