ಕೆರೆಬೇಟೆಯಲ್ಲಿ ತೊಡೆಮಟ್ಟ ಹೂತರೆ ಏನು ಮಾಡಬೇಕು? – ಪ್ರಶ್ನೋತ್ತರ

(ಈ ವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಅಗ್ನಿಶಾಮಕ ಕೆಲಸದಲ್ಲಿ 27 ವರ್ಷ ಇದ್ದು ನಿವೃತ್ತರಾದವರು. ಈಗ ಶಿವಮೊಗ್ಗದ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದಾರೆ. ವಿಷಯ: ಕೆಸರು.)

ಪ್ರಶ್ನೆ (ಸೊರಬದ ಕಡೆಯವರು): ಸಾರ್, ಬರುವ ಭಾನುವಾರ ನಮ್ಮೂರಲ್ಲಿ ಕೆರೆಬೇಟೆ, ಊರವರೆಲ್ಲ ಒಟ್ಟಿಗೆ ನೀರು ಇಳಿದ ಕೆರೆಗೆ ಇಳಿದು ಮೀನು ಹಿಡಿಯುವುದು. ನಾನು ಬೆಂಗಳೂರು ಸೇರಿ ಹತ್ತು ವರ್ಷ ಆಯ್ತು, ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಹಿಡಿದು ಇಳಿಯುವುದು ಇದೇ ಮೊದಲು. ಹೋದ ವರ್ಷ ನಮ್ಮ ಭಾವ ತೊಡೆಯವರೆಗೆ ಹೂತು ಅರ್ಧ ಗಂಟೆ ಒದ್ದಾಡಿದರು. ನಾಲ್ಕು ಜನ ಕೈ ಹಿಡಿದು ಎಳೆದರೂ ಬರಲಿಲ್ಲ. ಕೆಸರು ಮನುಷ್ಯನನ್ನು ಪೂರ್ತಿ ಒಳಗೆ ಎಳೆದುಕೊಳ್ಳುತ್ತಾ? ಹೂತಾಗ ಏನು ಮಾಡಬೇಕು?

ಉತ್ತರ: ಪೂರ್ತಿ ಎಳೆದುಕೊಳ್ಳುವುದಿಲ್ಲ. ಸಿನಿಮಾದಲ್ಲಿ ಆಳು ಮುಳುಗಿ ಟೋಪಿ ಮಾತ್ರ ಮೇಲೆ ಉಳಿಯುತ್ತದಲ್ಲ, ಅದು ಸುಳ್ಳು. ಒಂದು ಲೀಟರ್ ನೀರು ಒಂದು ಕೆಜಿ. ನಮ್ಮ ಮೈಯೂ ಹೆಚ್ಚುಕಡಿಮೆ ಅದೇ ತೂಕದ್ದು. ಕೆಸರು ನೀರಿಗಿಂತ ಭಾರ. ಹಾಗಾಗಿ ಕೆಸರಲ್ಲಿ ನಾವು ತೇಲಬೇಕಾದವರು. 2005ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಡೇನಿಯಲ್ ಬಾನ್ ಮತ್ತು ಜೊತೆಯವರು ಹೂಳುಮರಳಿನ (ಕಾಲಿಟ್ಟರೆ ಕುಸಿಯುವ ಒದ್ದೆ ಮರಳು, ಕ್ವಿಕ್‌ಸ್ಯಾಂಡ್) ಮೇಲೆ ಪ್ರಯೋಗ ಮಾಡಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಮನುಷ್ಯ ಸೊಂಟದ ಆಚೆಗೆ ಇಳಿಯುವುದಿಲ್ಲ ಅಂತ. ಆದರೆ ಅದೇ ಬರಹದಲ್ಲಿ ಇನ್ನೊಂದು ಮಾತಿದೆ. ಹೂತ ಕಾಲನ್ನು ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಮೇಲೆಳೆಯಲು ಒಂದು ಮಧ್ಯಮ ಗಾತ್ರದ ಕಾರನ್ನು ಎತ್ತುವಷ್ಟು ಬಲ ಬೇಕು. ನಿಮ್ಮ ಭಾವನನ್ನು ಎಳೆದ ನಾಲ್ಕು ಜನ ಎತ್ತಲು ನೋಡಿದ್ದು ಆ ಕಾರನ್ನು!

ಯಾಕೆ ಹೀಗೆ? ಕಾಲು ಎತ್ತಿದಾಗ ಅಂಗಾಲಿನ ಅಡಿ ಜಾಗ ಖಾಲಿಯಾಗಬೇಕು. ಅಲ್ಲಿಗೆ ಗಾಳಿಯೂ ಹೋಗುವುದಿಲ್ಲ, ನೀರೂ ಹೋಗುವುದಿಲ್ಲ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ. ಅಂಗಾಲು 200 ಚದರ ಸೆಂಟಿಮೀಟರ್ ಅಂತ ಇಟ್ಟುಕೊಂಡರೂ, ಅಡಿಯಲ್ಲಿ ಏನೂ ಇಲ್ಲದಿದ್ದಾಗ ಒಂದೊಂದು ಕಾಲಿನ ಮೇಲೆ ಎರಡು ಕ್ವಿಂಟಾಲ್ ಕೂತ ಹಾಗೆ. ಅದರ ಮೇಲೆ ಮೀನಖಂಡಕ್ಕೆ ಅಂಟಿದ ಕೆಸರು ಬೇರೆ.

ಇದಕ್ಕೆ ಮದ್ದು ನಿಮ್ಮ ಅಜ್ಜಿಗೆ ಗೊತ್ತಿತ್ತು. ಗದ್ದೆ ನಾಟಿ ಮಾಡುವ ಹೆಂಗಸರ ಕಾಲು ಗಮನಿಸಿದ್ದೀರಾ? ಅವರು ಯಾವತ್ತೂ ಕಾಲನ್ನು ನೇರ ಮೇಲಕ್ಕೆ ಕೀಳುವುದಿಲ್ಲ. ಹಿಮ್ಮಡಿಯನ್ನು ಆ ಕಡೆ ಈ ಕಡೆ ಒಂದಿಷ್ಟು ತಿರುಗಿಸುತ್ತಾರೆ. ಪಕ್ಕದಲ್ಲಿ ಸಣ್ಣ ಸಂದಿ ಆಗುತ್ತದೆ, ಅದರೊಳಗೆ ನೀರು ಗುಳುಗುಳು ಅಂತ ಇಳಿಯುತ್ತದೆ. ಆಮೇಲೆ ಬೆರಳುಗಳನ್ನು ಕೆಳಗೆ ಚೂಪು ಮಾಡಿ, ಕಾಲನ್ನು ಹಿಂದಕ್ಕೆ ಜಾರಿಸಿ ತೆಗೆಯುತ್ತಾರೆ. ದಿನವಿಡೀ ಹೀಗೇ ನಡೆದರೂ ಸುಸ್ತಾಗುವುದಿಲ್ಲ. ನಾವು ಗಂಡಸರು ಗದ್ದೆಗೆ ಇಳಿದು ಹತ್ತು ಹೆಜ್ಜೆಗೆ ಏದುಸಿರು ಬಿಡುತ್ತೇವೆ.

ಮೊಣಕಾಲಿನವರೆಗೆ ಹೂತರೆ ಇಷ್ಟು ಸಾಕು. ತೊಡೆ ದಾಟಿದರೆ ನಿಂತುಕೊಂಡು ಏನೂ ಆಗುವುದಿಲ್ಲ. ಹಿಂದಕ್ಕೆ ಒರಗಬೇಕು. ಕುರ್ಚಿಯಲ್ಲಿ ಕೂತ ಹಾಗೆ ಮೊದಲು ಕುಂಡೆ ಊರಿ, ಆಮೇಲೆ ಬೆನ್ನು, ಕೈ ಎರಡೂ ಅಗಲ. ಬಟ್ಟೆ ಹಾಳಾಗುತ್ತದೆ ಅಂತ ನೋಡಬೇಡಿ, ಕೆರೆಬೇಟೆಗೆ ಯಾರೂ ಇಸ್ತ್ರಿ ಮಾಡಿಕೊಂಡು ಬರುವುದಿಲ್ಲ. ಎರಡು ಅಂಗಾಲಿನ ಮೇಲಿದ್ದ ಭಾರ ಈಗ ಹತ್ತು ಪಟ್ಟಿಗೂ ಜಾಸ್ತಿ ಜಾಗಕ್ಕೆ ಹಂಚಿಹೋಯಿತು. ಆಗ ಒಂದು ಕಾಲು ಮಾತ್ರ, ಸಣ್ಣಗೆ ಅಲುಗಾಡಿಸುತ್ತಾ ಬಿಡಿಸಿ. ಅದು ಮೇಲೆ ಬಂದಮೇಲೆ ಇನ್ನೊಂದು. ಕೂಣಿ ಕೈಯಲ್ಲೇ ಇದ್ದರೆ ಅಡ್ಡ ಮಲಗಿಸಿ ಅದರ ಮೇಲೆ ಮೈ ಹಾಕಿ. ಮುರಿದರೆ ಮುರಿಯಲಿ. ಹತ್ತು ನಿಮಿಷ, ಹದಿನೈದು ನಿಮಿಷ ಹಿಡಿಯಬಹುದು. ಎದ್ದು ನಿಲ್ಲುವ ಆಸೆ ಬರುತ್ತದೆ, ನಿಲ್ಲಬೇಡಿ. ಬಂದ ದಾರಿಯಲ್ಲೇ ಉರುಳಿಕೊಂಡೋ ತೆವಳಿಕೊಂಡೋ ಹೋಗಿ. ಅಲ್ಲಿಯ ನೆಲ ನಿಮ್ಮನ್ನು ಒಮ್ಮೆ ಹೊತ್ತಿದೆ. ಮುಂದಿನ ನೆಲ ಹೊರುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಪ್ರಶ್ನೆ (ಸಾಗರ): ಗಮ್‌ಬೂಟ್ ಹಾಕಿಕೊಂಡು ಇಳಿಯಬಹುದಾ? ಬರಿಗಾಲಿಗೆ ಗಾಜು, ಮುಳ್ಳು ಚುಚ್ಚುತ್ತೆ.

ಉತ್ತರ: ತೋಟಕ್ಕೆ ಸರಿ, ಕೆರೆಗೆ ಬೇಡ. ಗಮ್‌ಬೂಟಿನ ಬಾಯಿ ಅಗಲ, ಕೆಸರು ತುಂಬಿತು ಅಂದರೆ ಅದೇ ಕಾಲಿಗೆ ಕಟ್ಟಿದ ಕಲ್ಲು. ಹಳೇ ಕ್ಯಾನ್ವಾಸ್ ಶೂ ಲೇಸ್ ಬಿಗಿದು ಹಾಕಿಕೊಳ್ಳಿ. ಅಕಸ್ಮಾತ್ ಗಮ್‌ಬೂಟಿನಲ್ಲೇ ಸಿಕ್ಕಿಬಿದ್ದರೆ ಬೂಟು ಅಲ್ಲೇ ಬಿಟ್ಟು ಕಾಲು ತೆಗೆಯಿರಿ. ನಾನು ಹುಡುಗನಾಗಿದ್ದಾಗ ಹೊಸ ಚಪ್ಪಲಿ ಉಳಿಸಲು ಹೋಗಿ ಮುಖ ಅಡಿಯಾಗಿ ಬಿದ್ದು ಒಂದು ಗುಟುಕು ಕೆಸರು ಕುಡಿದಿದ್ದೇನೆ. ಚಪ್ಪಲಿಯೂ ಸಿಗಲಿಲ್ಲ, ಮನೆಯಲ್ಲಿ ಏಟೂ ತಪ್ಪಲಿಲ್ಲ.

ಪ್ರಶ್ನೆ (ಹೊಸನಗರ): ನಾನು ಹಕ್ಕಿ ಫೋಟೋ ತೆಗೆಯುವವನು. ಮಾರ್ಚ್-ಏಪ್ರಿಲ್‌ನಲ್ಲಿ ಲಿಂಗನಮಕ್ಕಿ ಹಿನ್ನೀರು ಹಿಂದೆ ಸರಿದಾಗ ಬಾತುಗಳ ಹತ್ತಿರ ಹೋಗಬೇಕು ಅಂದರೆ ಕೆಸರು ದಾಟಲೇಬೇಕು. ಮೇಲೆ ನೋಡಿದರೆ ಒಣಗಿ ಬಿರುಕು ಬಿಟ್ಟಿರುತ್ತೆ, ಕಾಲಿಟ್ಟರೆ ದಬಕ್ಕನೆ ಒಳಗೆ. ಗಟ್ಟಿ ನೆಲ ಯಾವುದು ಅಂತ ಹೇಗೆ ಗುರುತಿಸುವುದು?

ಉತ್ತರ: ಹಿನ್ನೀರಿನ ಕೆಸರಿಗೆ ಕೆರೆ ಕೆಸರಿಗಿಂತ ಜಾಸ್ತಿ ಹೆದರಬೇಕು. ಕೆರೆಯ ತಳ ಊರಲ್ಲಿ ಯಾರಿಗಾದರೂ ಗೊತ್ತಿರುತ್ತದೆ. ಹಿನ್ನೀರಿನ ಅಡಿಯಲ್ಲಿ ಇರುವುದು ಇನ್ನೊಂದು ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮನೆ, ಗದ್ದೆ, ತೋಟ, ಬಾವಿ ಎಲ್ಲ ಒಳಗೆ ಹೋದವು. ನೀರು ಸಮುದ್ರಮಟ್ಟದಿಂದ 1819 ಅಡಿಯವರೆಗೆ ತುಂಬಿದಾಗ ಏನೂ ಕಾಣುವುದಿಲ್ಲ. ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟೇ ಮೇಲೆ ಬಂದು ನಿಲ್ಲುತ್ತದೆ, ನೀವೂ ಫೋಟೋ ತೆಗೆದಿರುತ್ತೀರಿ. ಅಣೆಕಟ್ಟು ಕಣ್ಣಿಗೆ ಕಾಣುತ್ತದೆ. ಹೂಳು ತುಂಬಿದ ಬಾವಿ ಕಾಣುವುದಿಲ್ಲ.

ಬಿರುಕು ಬಿಟ್ಟ ನೆಲವನ್ನು ಹೀಗೆ ನೋಡಿ. ಬಿರುಕು ಅಗಲವಾಗಿ, ಹೆಂಟೆಯ ಅಂಚು ಮೇಲಕ್ಕೆ ಸುರುಟಿ, ಬಣ್ಣ ಬಿಳಿಚಿದ್ದರೆ ಬಿಸಿಲು ಆಳಕ್ಕೆ ಇಳಿದಿದೆ. ಬಿರುಕು ಕೂದಲೆಳೆಯಷ್ಟಿದ್ದು ಬಣ್ಣ ಕಪ್ಪಾಗಿ ಮಿರಮಿರ ಮಿಂಚುತ್ತಿದ್ದರೆ ಅದು ಹಾಲಿನ ಮೇಲಿನ ಕೆನೆ, ಅಷ್ಟೇ. ಹಸು ಎಮ್ಮೆಯ ಗೊರಸಿನ ಗುರುತು ಇರುವ ಕಡೆ ಹೋಗಿ. ಎಮ್ಮೆ ನಡೆದ ದಾರಿ ನಿಮ್ಮನ್ನು ಹೊರುತ್ತದೆ. ಗೊರಸು ಒಂದು ಗೇಣು ಇಳಿದಿದ್ದರೆ ಅಲ್ಲಿಂದ ವಾಪಸ್ ಬನ್ನಿ. ಹಕ್ಕಿ ನಡೆದಾಡುತ್ತಿದೆ ಅಂತ ಮಾತ್ರ ನಂಬಬೇಡಿ. ಬಾತು ತೂಗುವುದು ಒಂದೆರಡು ಕೆಜಿ, ಕಾಲಿನಲ್ಲಿ ಜಾಲಪಾದ ಬೇರೆ.

ಸಣ್ಣ ಹಳ್ಳ ಬಂದು ಹಿನ್ನೀರಿಗೆ ಸೇರುವ ಬಾಯಿ ಇದೆಯಲ್ಲ, ಅಲ್ಲಿ ಹೋಗಲೇಬೇಡಿ. ಹಳ್ಳ ಹೊತ್ತು ತಂದ ನುಣ್ಣನೆಯ ಮಣ್ಣೆಲ್ಲ ನೀರಿನ ಓಟ ನಿಂತಾಗ ಅಲ್ಲೇ ಕೂರುತ್ತದೆ. ನಮ್ಮಲ್ಲಿ ಹುದುಲು ಅನ್ನುವುದು ಇದನ್ನೇ.

ಕೈಯಲ್ಲಿ ಆರಡಿ ಬಿದಿರು ಗಳ ಇರಲಿ. ಪ್ರತಿ ಹೆಜ್ಜೆಗೂ ಮುಂದೆ ಊರಿ ನೋಡಿ. ಗಳ ಮೊಣಕಾಲುದ್ದ ಇಳಿದು ಗಟ್ಟಿ ಸಿಕ್ಕಿದರೆ ನಡೆಯಬಹುದು. ಎರಡು ಅಡಿ ಇಳಿದಮೇಲೂ ತಳ ಸಿಗದಿದ್ದರೆ ಆ ಬಾತಿನ ಫೋಟೋ ಬೇಡ. ಕ್ಯಾಮೆರಾ ಬೆಲ್ಟ್ ಕುತ್ತಿಗೆಗೆ ಸುತ್ತಿಕೊಳ್ಳಬೇಡಿ, ಒರಗುವಾಗ ಅಡ್ಡ ಬರುತ್ತದೆ. ಫೋನ್ ಪ್ಯಾಂಟ್ ಜೇಬಲ್ಲಿ ಬೇಡ, ಎದೆಯ ಜೇಬಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿ ಇಡಿ. ಆ ಕಡೆ ಎಷ್ಟೋ ಜಾಗದಲ್ಲಿ ಸಿಗ್ನಲ್ ಇಲ್ಲ, ಹಾಗಾಗಿ ಸೀಟಿ ಒಂದು ಇರಲಿ. ಮನೆಯಲ್ಲಿ ಯಾವ ಕಡೆ ಇಳಿಯುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಹೇಳಿ ಹೊರಡಿ. ಒಬ್ಬರೇ ಹೋಗುವುದನ್ನು ನಿಲ್ಲಿಸಿ ಅಂದರೆ ನೀವು ಕೇಳುವುದಿಲ್ಲ, ಫೋಟೋದವರು ಯಾರೂ ಕೇಳಿಲ್ಲ. ಅದಕ್ಕೇ ಇಷ್ಟು ಹೇಳಿದೆ.

ಪ್ರಶ್ನೆ (ತೀರ್ಥಹಳ್ಳಿ): ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಅಲ್ಲಿ ಗೆಳೆಯರ ಜೊತೆ ಬಾತುಬೇಟೆಗೆ ಹೋಗುತ್ತಾನಂತೆ. ಎದೆಮಟ್ಟದ ರಬ್ಬರ್ ಪ್ಯಾಂಟ್ ಹಾಕಿಕೊಂಡು ಜವುಗಿಗೆ ಇಳಿಯುತ್ತಾರೆ. ನೀರು ಒಳಗೆ ಹೋದರೆ ಅದೇ ತಳಕ್ಕೆ ಎಳೆಯುತ್ತೆ ಅಂತಾರೆ, ಹೌದಾ ಮಾರಾಯ್ರೆ?

ಉತ್ತರ: ಮೊದಲು ಒಂದು ಮಾತು, ಇಲ್ಲಿ ಓದುವ ಹುಡುಗರಿಗೆ. ಅಲ್ಲಿ ಲೈಸೆನ್ಸ್ ಇದೆ, ಸೀಸನ್ ಇದೆ, ದಿನಕ್ಕೆ ಇಷ್ಟೇ ಹಕ್ಕಿ ಅಂತ ಲೆಕ್ಕ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಬಾತು ಹೊಡೆಯುವುದು ಅಪರಾಧ. ತಮ್ಮ ಊರಿಗೆ ಬಂದಾಗ ಗುಡವಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗಿ, ದುರ್ಬೀನಿನಲ್ಲಿ ನೋಡಲಿ.

ಆ ಪ್ಯಾಂಟಿಗೆ ವೇಡರ್ ಅನ್ನುತ್ತಾರೆ. ನೀರು ತುಂಬಿದರೆ ತಳಕ್ಕೆ ಎಳೆಯುತ್ತದೆ ಅನ್ನುವುದು ತಪ್ಪು ಕಲ್ಪನೆ. ನೀರಿನೊಳಗೆ ನೀರಿಗೆ ಭಾರ ಇಲ್ಲ. ಕೊಡ ಬಾವಿಯೊಳಗೆ ಇರುವಾಗ ಹಗುರ, ನೀರು ಬಿಟ್ಟು ಮೇಲೆ ಬಂದಾಗ ಭಾರ, ಅಲ್ವಾ? ವೇಡರ್ ಕೂಡ ಹಾಗೇ. ದಡ ಹತ್ತುವಾಗ ಆ ನೀರಿನ ಭಾರವೆಲ್ಲ ಕಾಲಿಗೆ ಬೀಳುತ್ತದೆ. ಅದಕ್ಕೇ ಎದೆಯ ಕೆಳಗೆ ಒಂದು ಬೆಲ್ಟ್ ಬಿಗಿಯುತ್ತಾರೆ, ನೀರು ಬೇಗ ಒಳಗೆ ಹೋಗದಿರಲಿ ಅಂತ. ಬೆಲ್ಟ್ ಇಲ್ಲದೆ ಇಳಿಯಬಾರದು ಅಂತ ತಮ್ಮನಿಗೆ ಹೇಳಿ. ಅಲ್ಲಿಯ ಇನ್ನೆರಡು ಅಪಾಯ ನಮಗಿಲ್ಲ. ಒಂದು ಚಳಿ. ಬೇಟೆಯ ಕಾಲ ಚಳಿಗಾಲ, ತಣ್ಣನೆ ಕೆಸರಲ್ಲಿ ಕಾಲು ಮರಗಟ್ಟಿ ಬಲ ಹೋಗುತ್ತದೆ. ಎರಡನೆಯದು ಸಮುದ್ರದ ಭರತ. ಅಲಾಸ್ಕಾದ ಕುಕ್ ಇನ್ಲೆಟ್ ಕಡೆ ಭರತ ಇಳಿತದ ವ್ಯತ್ಯಾಸ 30 ಅಡಿ ದಾಟುತ್ತದೆ. ಅಲ್ಲಿ ಕಾಲು ಸಿಕ್ಕರೆ ಕೊಲ್ಲುವುದು ಕೆಸರಲ್ಲ, ವಾಪಸ್ ಬರುವ ನೀರು. ಅಂಥ ಕಡೆ ರಕ್ಷಣಾ ತಂಡದವರು ಎಳೆಯುವುದಿಲ್ಲ. ಉದ್ದನೆ ಕೊಳವೆಯನ್ನು ಕಾಲಿನ ಪಕ್ಕ ಇಳಿಸಿ ಪಂಪಿನಿಂದ ನೀರು ಬಿಡುತ್ತಾರೆ, ಕೆಸರು ಸಡಿಲಾಗಿ ಕಾಲು ತಾನೇ ಬರುತ್ತದೆ. ನಿಮ್ಮ ತೋಟದ ಪಂಪು, ಒಂದು ಇಂಚಿನ ಪಿವಿಸಿ ಪೈಪು ಇದ್ದರೆ ನಮ್ಮ ಕೆರೆಯಲ್ಲೂ ಇದನ್ನು ಮಾಡಬಹುದು. ಹದವಾಗಿ ನೀರು ಬಿಡಬೇಕು, ಜೋರಾಗಿ ಬಿಟ್ಟರೆ ಕೆಸರು ಮುಖಕ್ಕೇ ಹಾರುತ್ತದೆ.

ಪ್ರಶ್ನೆ (ಶಿಕಾರಿಪುರ): ನಮ್ಮಲ್ಲಿ ಎಮ್ಮೆ ಹೂತರೆ ಜೆಸಿಬಿ ತಂದು ಹಗ್ಗ ಕಟ್ಟಿ ಎಳೆಯುತ್ತೇವೆ. ಮನುಷ್ಯನಿಗೂ ಹಾಗೆ ಮಾಡಿದರೆ ಬೇಗ ಆಗಲ್ವಾ?

ಉತ್ತರ: ದಯವಿಟ್ಟು ಬೇಡ. ಒಮ್ಮೆ ನಾವು ಹೋಗುವಷ್ಟರಲ್ಲಿ ಊರವರು ಒಬ್ಬ ಹುಡುಗನ ಕಂಕುಳಿಗೆ ಹಗ್ಗ ಹಾಕಿ ಟ್ರ್ಯಾಕ್ಟರಿಗೆ ಕಟ್ಟಿದ್ದರು. ಹುಡುಗ ಕೂಗುತ್ತಿದ್ದ, ಟ್ರ್ಯಾಕ್ಟರ್ ಸದ್ದಿಗೆ ಡ್ರೈವರಿಗೆ ಕೇಳಿಸಿರಲಿಲ್ಲ. ಮೈ ಮೇಲೆ ಬರುತ್ತಿದೆ, ಕಾಲು ಕೆಳಗೇ ಇದೆ. ಸೊಂಟದ ಕೀಲಿಗೆ ಏಟಾಗಿ ತಿಂಗಳುಗಟ್ಟಲೆ ಮಲಗಿದ. ನಾವು ಟ್ರ್ಯಾಕ್ಟರ್ ನಿಲ್ಲಿಸಿ ಮಾಡಿದ್ದು ಇಷ್ಟೇ: ಎರಡು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು), ಒಂದು ಏಣಿ ಅಡ್ಡ ಹಾಕಿ, ಅದರ ಮೇಲೆ ಹೊಟ್ಟೆ ಊರಿ ಮಲಗಿ, ಅವನ ಕಾಲಿನ ಸುತ್ತ ಕೈಯಲ್ಲೇ ಕೆಸರು ತೋಡಿ ಬಕೆಟ್ಟಿನಿಂದ ನೀರು ಹೊಯ್ದೆವು. ಇಪ್ಪತ್ತು ನಿಮಿಷಕ್ಕೆ ಎರಡೂ ಕಾಲು ಬಂತು.

ಸಹಾಯಕ್ಕೆ ಹೋಗುವವರು ನಡೆದುಕೊಂಡು ಹತ್ತಿರ ಹೋಗಬಾರದು. ನಿಮ್ಮ ತೂಕವೂ ಅಲ್ಲೇ ಬಿದ್ದು ಅವರು ಇನ್ನಷ್ಟು ಇಳಿಯುತ್ತಾರೆ, ಪಕ್ಕದಲ್ಲಿ ನೀವೂ. ದಬ್ಬೆ, ಏಣಿ, ಹಳೇ ಬಾಗಿಲು, ಗಾಳಿ ತುಂಬಿದ ಲಾರಿ ಟ್ಯೂಬು, ಏನೂ ಇಲ್ಲದಿದ್ದರೆ ಅಡಿಕೆ ಸೋಗೆ ಹತ್ತು ಒಟ್ಟಿಗೆ. ಹಗ್ಗ ಎಸೆಯಿರಿ, ಅದು ಅವರು ಹಿಡಿದುಕೊಳ್ಳಲು. ನೀವು ಎಳೆಯಲು ಅಲ್ಲ. ಬಿಸಿಲಿದ್ದರೆ ತಲೆಗೊಂದು ಹಾಳೆ ಟೊಪ್ಪಿ, ಕುಡಿಯಲು ನೀರು ಕೊಡಿ. ಒಬ್ಬರು ಆಗಲೇ 112ಕ್ಕೆ ಫೋನ್ ಮಾಡಿರಲಿ.

ಪ್ರತಿಕ್ರಿಯೆ (ಹೆಸರು ಹಾಕದವರು): ಕಾಲಿಗೆ ಎಣ್ಣೆ ಹಚ್ಚಿಕೊಂಡರೆ ಕೆಸರು ಅಂಟೋದೇ ಇಲ್ಲ. ಇಷ್ಟೆಲ್ಲ ಸುಮ್ನೆ.

ಉತ್ತರ: ಎಣ್ಣೆ ಹಚ್ಚಿಕೊಳ್ಳಿ, ಆಮೇಲೆ ಕಾಲು ತೊಳೆಯುವುದು ಸುಲಭ ಆಗುತ್ತದೆ. ಕಾಲು ಸಿಕ್ಕಿಕೊಳ್ಳುವುದು ಮುಖ್ಯವಾಗಿ ಅಂಗಾಲಿನ ಅಡಿಯ ಖಾಲಿ ಜಾಗದಿಂದ, ಅದಕ್ಕೆ ಎಣ್ಣೆಯ ಲೆಕ್ಕ ಇಲ್ಲ.

ಪ್ರಶ್ನೆ (ಆನಂದಪುರದ ಗೃಹಿಣಿ): ಅಣ್ಣಾ, ನಮ್ಮನೆಯವರಿಗೆ ಕೆರೆಬೇಟೆ ಮುಗಿಸಿ ಬಂದ ಒಂದು ವಾರಕ್ಕೆ ಜ್ವರ. ಮೀನಖಂಡ ಮುಟ್ಟಲೂ ಬಿಡುವುದಿಲ್ಲ, ಅಷ್ಟು ನೋವು. ಕೆಸರಲ್ಲಿ ನಡೆದ ಆಯಾಸ ಇರಬಹುದಾ?

ಉತ್ತರ: ತಂಗೀ, ಆಯಾಸದ ನೋವು ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಜ್ವರ ಬರುವುದಿಲ್ಲ. ಕೆಸರು ನೀರಿನಿಂದ ಇಲಿ ಜ್ವರ ಬರುತ್ತದೆ, ಕಾಲಿನ ಸಣ್ಣ ಗಾಯ ಸಾಕು ಅದಕ್ಕೆ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಅದರ ಗುರುತು. ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಕೆಸರಿಗೆ ಇಳಿದಿದ್ದರು ಅಂತ ಬಾಯಿಬಿಟ್ಟು ಹೇಳಿ. ಬೇಗ ಹೋದರೆ ಮಾತ್ರೆಯಲ್ಲೇ ಗುಣ ಆಗುತ್ತದೆ. ಈ ಗುಂಪಿನಲ್ಲಿ ಉತ್ತರಕ್ಕೆ ಕಾಯಬೇಡಿ.

ಪ್ರಶ್ನೆ (ಸೊರಬದವರೇ ಮತ್ತೆ): ಸಾರ್, ನಿಮ್ಮ ಉತ್ತರ ಊರಿನ ಸಮಿತಿಯವರಿಗೆ ತೋರಿಸಿದೆ. ನಾಲ್ಕು ದಬ್ಬೆ, ಎರಡು ಟ್ಯೂಬು ಇಡಲು ಒಪ್ಪಿದ್ದಾರೆ. ಎಲ್ಲಿ ಇಡಬೇಕು?

ಉತ್ತರ: ಏರಿಯ ಮೇಲೆ ತೂಬಿನ ಹತ್ತಿರ ಎರಡು ದಬ್ಬೆ, ಒಂದು ಟ್ಯೂಬು. ಸಾಮಾನ್ಯವಾಗಿ ಕೆರೆಯಲ್ಲಿ ಹೂಳು ಆಳ ಇರುವುದು ಅಲ್ಲೇ. ಮೀನೂ ಕೊನೆಗೆ ಅಲ್ಲೇ ಸೇರುತ್ತದೆ, ಜನ ಅಲ್ಲಿಗೇ ನುಗ್ಗುತ್ತಾರೆ. ಉಳಿದದ್ದು ಜೆಸಿಬಿಯವರು ಮಣ್ಣು ಎತ್ತಿದ ಗುಂಡಿ ಯಾವ ಕಡೆ ಇದೆಯೋ ಅಲ್ಲಿ. ಆ ಗುಂಡಿಯ ನಾಲ್ಕು ಮೂಲೆಗೆ ಉದ್ದನೆ ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿ, ಶನಿವಾರ ಸಂಜೆಯೇ ಕಟ್ಟಿ. ಬೆಳಿಗ್ಗೆ ಕೂಗು ಹಾಕಿದಮೇಲೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ಇನ್ನೊಂದು ಮಾತು. ಚೇಳು ಮೀನು (ಮುಳ್ಳಿನಲ್ಲಿ ವಿಷ ಇರುವ ಕೆರೆ ಮೀನು) ಕುಟುಕಿದರೆ ತಡೆಯುವಷ್ಟು ಬಿಸಿನೀರಲ್ಲಿ ಕೈ ಅದ್ದಿಡಿ, ನೋವು ಇಳಿಯುತ್ತದೆ. ಒಲೆಯ ಮೇಲೆ ಒಂದು ಹಂಡೆ ಇಡಲು ಸಮಿತಿಗೆ ಹೇಳಿ. ಚಹಾಕ್ಕೂ ಆಯಿತು.