ಆ 110 ಗ್ರಾಮಿನ ರಾಕೆಟ್ ಬೇಡ ಕಣೆ

ನಿನ್ನ ಮೆಸೇಜ್ ಬೆಳಗ್ಗೆ ನೋಡಿದೆ ಕಣೆ. ಪುಟ್ಟಿಯ ಎರಡೂವರೆ ಸಾವಿರದ ಸ್ಕ್ವಾಷ್ ರಾಕೆಟ್ ಮತ್ತೆ ಮುರಿಯಿತು, ಅಂಗಡಿಯವನು 14 ಸಾವಿರ ರೂಪಾಯಿಯ, 110 ಗ್ರಾಂ ತೂಕದ್ದು ತೋರಿಸುತ್ತಿದ್ದಾನೆ, ನಮ್ಮ ಹತ್ತಿರ ಇರುವುದು 8 ಸಾವಿರ, ಏನು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮನೆಯವರ ಗ್ರೂಪಿಗೇ ಮಾತಾಡಿ ಕಳಿಸುತ್ತಿದ್ದೇನೆ. ಮೈಸೂರಿನ ಭಾವ, ನೀವು ಹೋದ ಸಲದ ಹಾಗೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಬೇಡಿ.

ಮೊದಲೇ ಹೇಳಿಬಿಡುತ್ತೇನೆ. ಎತ್ತಿ ಹಿಡಿದಾಗ ಹಗುರ ಅನ್ನಿಸಿತು ಅಂತ ರಾಕೆಟ್ ತಗೊಳ್ಳಬೇಡ.

ಶೇಷು ಅಮೆರಿಕದಿಂದ ತಂದುಕೊಟ್ಟ ಆ ನೀಲಿ ರಾಕೆಟ್ ನಿಮಗೆಲ್ಲ ಗೊತ್ತಲ್ಲ. ಮನೆಗೆ ಬಂದವರೆಲ್ಲ ಅದನ್ನು ಎತ್ತಿ ನೋಡಿ, ಅಯ್ಯೋ ಭಾರವೇ ಇಲ್ಲವಲ್ಲ ಅಂದವರೇ. ನಾನೂ ಹೆಮ್ಮೆಯಿಂದ ಫ್ಯಾಕ್ಟರಿ ಕ್ಲಬ್ಬಿಗೆ ತಗೊಂಡು ಹೋದೆ. ಅವತ್ತು ನಾಲ್ಕು ಗೋಡೆಯ ಸ್ಕ್ವಾಷ್ ಕೋರ್ಟಿನೊಳಗೆ ಅಕೌಂಟ್ಸ್ ವಿಭಾಗದ ಮೇಡಂ ಜೊತೆ ಆಟ. ಅವರದು ಒಂದೇ ವಿದ್ಯೆ, ಚೆಂಡನ್ನು ಎಡಗೋಡೆಗೆ ಅಂಟಿಸಿಕೊಂಡು ಹಿಂದಿನ ಮೂಲೆಗೆ ಕಳಿಸುವುದು. ಗೋಡೆ ಪಕ್ಕದ ಚೆಂಡನ್ನು ಎತ್ತಬೇಕಾದರೆ ರಾಕೆಟ್ ಗೋಡೆಗೆ ತಾಗಿಯೇ ತಾಗುತ್ತದೆ. ತಾಗಿತು. ಟಕ್ ಅಂತ ಸಣ್ಣ ಸದ್ದು. ನೋಡಿದರೆ ಗೀರು ಕೂಡ ಇಲ್ಲ. ಆಮೇಲೆ ಎರಡು ಹೊಡೆತ ಹೊಡೆದೆ ಅಷ್ಟೇ, ತಲೆ ಮುರಿದು ತಂತಿಯಲ್ಲಿ ಹರಕು ಕೊಡೆಯ ಹಾಗೆ ಜೋತಾಡಿತು. ಮೇಡಂ ನಕ್ಕರು. ನನಗೆ ಅಳು ಬಂತು.

ಅದೇ ಕಂಪನಿಯ ರಾಕೆಟ್ ಮಾರುವ ಅಂಗಡಿಗೆ ತಗೊಂಡು ಹೋದೆ. ಅವನು ಕನ್ನಡಕ ಏರಿಸಿ ನೋಡಿ, ಗೋಡೆಗೆ ಹೊಡೆದಿದ್ದೀರಿ, ಇದಕ್ಕೆ ಗ್ಯಾರಂಟಿ ಬರುವುದಿಲ್ಲ ಅಂದ. ಗೋಡೆಗೆ ತಾಗಿಸದೆ ಆಡುವುದಾಗಿದ್ದರೆ ನಾಲ್ಕು ಗೋಡೆ ಯಾಕೆ ಕಟ್ಟಬೇಕಿತ್ತಪ್ಪಾ, ಬಯಲಲ್ಲೇ ಆಡಬಹುದಿತ್ತಲ್ಲ ಅಂದೆ. ಅವನಿಗೆ ಅದೆಲ್ಲ ಬೇಕಿರಲಿಲ್ಲ. ಗ್ಯಾರಂಟಿ ಅಂದರೆ ತಯಾರಿಕೆಯ ದೋಷಕ್ಕೆ ಮಾತ್ರ. ಇದನ್ನು ನೀನೂ ಬಿಲ್ ಹಾಕಿಸುವ ಮೊದಲೇ ಕೇಳಿಕೋ.

ಬ್ಯಾಡ್ಮಿಂಟನ್ನಿನಲ್ಲಿ ಹಗುರ ಇದ್ದಷ್ಟೂ ಒಳ್ಳೆಯದು ಅಂತ ಅಳಿಯಂದಿರು ಗ್ರೂಪಿನಲ್ಲಿ ಬರೆದಿದ್ದಾರೆ. ಅವರು ಹೇಳಿದ್ದು ಅಲ್ಲಿಗೆ ಸರಿ ಇರಬಹುದು, ಆದರೆ ಅಲ್ಲಿ ರಾಕೆಟ್ಟಿಗೆ ತಾಗುವುದು ಹೆಚ್ಚಾಗಿ ಶಟಲ್ ಒಂದೇ. ಇಲ್ಲಿ ಗೋಡೆ ಇದೆ, ನೆಲ ಇದೆ, ಎದುರಾಳಿಯ ರಾಕೆಟ್ ಇದೆ. ತೂಕ ಇಳಿಸಬೇಕಾದರೆ ಫ್ರೇಮಿನ ಕಾರ್ಬನ್ನನ್ನು ತೆಳು ಮಾಡಬೇಕು. ದಿನಾ ಆಡುವ ದೊಡ್ಡ ಆಟಗಾರರಿಗೆ ಕಂಪನಿಯವರೇ ರಾಕೆಟ್ ಕೊಡುತ್ತಾರೆ, ಮುರಿದರೆ ಇನ್ನೊಂದು ಬರುತ್ತದೆ. ನಮಗೆ ಯಾರು ಕೊಡುತ್ತಾರೆ?

ಇನ್ನೊಂದು ವಿಷಯ. ಎರಡು ಹಳದಿ ಚುಕ್ಕೆಯ ಚೆಂಡು ಹೊಡೆದು ಹೊಡೆದು ಬಿಸಿಯಾಗದಿದ್ದರೆ ಪುಟಿಯುವುದೇ ಇಲ್ಲ. ರಾಕೆಟ್ಟಿನಲ್ಲಿ ಸ್ವಲ್ಪ ತೂಕ ಇದ್ದರೆ ಆ ತೂಕವೇ ಚೆಂಡನ್ನು ಹಿಂದಿನ ಗೋಡೆಯವರೆಗೆ ಕಳಿಸುತ್ತದೆ. ತೀರಾ ಹಗುರದ್ದಾದರೆ ಮಗು ಮಣಿಕಟ್ಟು ತಿರುಚಿ ತಿರುಚಿ ಹೊಡೆದು ಕೈ ನೋಯಿಸಿಕೊಳ್ಳುತ್ತದೆ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಹಗುರ ಅನ್ನಿಸಿತು ಅಂತ ತಗೊಳ್ಳಬೇಡ. 14 ಸಾವಿರ ಕೊಟ್ಟರೂ ಅದು ಗೋಡೆಗೆ ಹೆದರಲೇಬೇಕು.

ಪುಟ್ಟಿ ಆಡಲಿ, ಚೆನ್ನಾಗಿ ಆಡಲಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ಕ್ವಾಷ್ ಮೊದಲನೇ ಸಲ ಬರುತ್ತಿದೆ. ನಮ್ಮ ಕಾಲದಲ್ಲಿ ಇದು ಸಾಹೇಬರ ಆಟ ಅಂತ ಮೂಗು ಮುರಿಯುತ್ತಿದ್ದರು. ಸ್ಕ್ವಾಷ್ ಆಟಗಾರ್ತಿ ಜೋಷ್ನಾ ಚಿಣ್ಣಪ್ಪ ಕೊಡವರ ಮನೆತನದ ಹುಡುಗಿ, ಆದರೆ ಬೆಳೆದದ್ದು ಚೆನ್ನೈಯಲ್ಲಿ. ಇಂಡಿಯನ್ ಸ್ಕ್ವಾಷ್ ಅಕಾಡೆಮಿ ಇರುವುದೂ ಅಲ್ಲೇ. ಇಲ್ಲಿ ನಮ್ಮ ಕ್ಲಬ್ಬಿನವರು ಏನು ಮಾಡಿದರು ಗೊತ್ತಾ? ಸ್ಕ್ವಾಷ್ ಕೋರ್ಟ್ ಅಂದರೆ 32 ಅಡಿ ಉದ್ದ, 21 ಅಡಿ ಅಗಲ, ಕಿಟಕಿ ಇಲ್ಲ, ಬಾಗಿಲು ಒಂದೇ. ಕಮಿಟಿಯವರ ಕಣ್ಣಿಗೆ ಅದು ಗೋಡೌನ್ ಥರ ಕಾಣಿಸಿತು. ಮದುವೆ ಹಾಲಿನ ಕಬ್ಬಿಣದ ಕುರ್ಚಿಗಳನ್ನೆಲ್ಲ ತಂದು ಆ ಮರದ ನೆಲದ ಮೇಲೆ ಪೇರಿಸಿದರು. ಮಳೆಗಾಲದಲ್ಲಿ ಮೇಲಿಂದ ಸೋರಿ ಹಲಗೆಗಳು ಉಬ್ಬಿದವು. ನಾನು ಪತ್ರ ಬರೆದೆ, ಸಹಿ ಹಾಕಿಸಿದೆ, ಜನರಲ್ ಬಾಡಿಯಲ್ಲಿ ಎದ್ದು ನಿಂತು ಕೇಳಿದೆ. ಆಡುವವರು ಎಷ್ಟು ಜನ ಇದ್ದೀರಿ ಮೇಡಂ ಅಂತ ಸೆಕ್ರೆಟರಿ ನನ್ನನ್ನೇ ಕೇಳಿದರು. ಕುರ್ಚಿ ತುಂಬಿಸಿಟ್ಟರೆ ಯಾರು ಬಂದು ಆಡುತ್ತಾರೆ? ನಿಮ್ಮ ದೊಡ್ಡಪ್ಪ ಕೂಡ ಹೋಗಲಿ ಬಿಡು, ವಾಕಿಂಗ್ ಮಾಡು ಅಂದರು. ಅವರ ಇಸ್ಪೀಟು ರೂಮಿಗೆ ಒಂದು ಕುರ್ಚಿ ಜಾಸ್ತಿ ಬಂದಿದ್ದರೆ ಹಾಗೆ ಅನ್ನುತ್ತಿದ್ದರಾ? ಇರಲಿ. ಕುಕ್ಕರ್ ಕೂಗಿತು, ಒಂದು ನಿಮಿಷ.

ಹಾಂ, ನೀನು ಕೇಳಿದ್ದು ಯಾವುದು ತಗೊಳ್ಳಲಿ ಅಂತ ಅಲ್ವಾ.

ಮುರಿದ ರಾಕೆಟ್ಟನ್ನು ಒಮ್ಮೆ ನೋಡು. ಅಲ್ಯೂಮಿನಿಯಂ ತಲೆಯನ್ನು ಹಿಡಿಗೆ ಕೂಡಿಸಿದ ಕಡೆ ಬಿಟ್ಟುಕೊಂಡಿರಬೇಕು. ಕಡಿಮೆ ಬೆಲೆಯದರಲ್ಲಿ ಆ ಜೋಡಣೆಯೇ ಮೊದಲು ಸಡಿಲವಾಗುವುದು. ಆದ್ದರಿಂದ ತಲೆಯಿಂದ ಹಿಡಿಯವರೆಗೆ ಒಂದೇ ತುಂಡಿನ ಗ್ರಾಫೈಟ್, ಅಂದರೆ ಕಾರ್ಬನ್ ಫ್ರೇಮ್ ಇರಬೇಕು. ತೂಕ 130ರಿಂದ 140 ಗ್ರಾಂ. ಮೇಲೆ ಬರೆದಿರುವುದು ಸಾಮಾನ್ಯವಾಗಿ ಬರೀ ಫ್ರೇಮಿನ ತೂಕ, ತಂತಿ ಗ್ರಿಪ್ ಸೇರಿದರೆ ಇನ್ನೂ ಏರುತ್ತದೆ, ಗಾಬರಿಯಾಗಬೇಡ. ಪುಟ್ಟಿಗೆ 13 ಆಯಿತಲ್ಲ, ದೊಡ್ಡವರ ಅಳತೆಯದೇ ಸಾಕು. ತಂತಿ ಕೆಳಗೆ ಹಿಡಿಯವರೆಗೆ ಇಳಿದು ಬರುವ ಕಣ್ಣೀರ ಹನಿ ಆಕಾರದ್ದನ್ನೇ ನೋಡು. ಚೆಂಡು ಸರಿಯಾಗಿ ನಡುವೆ ತಾಗದಿದ್ದರೂ ಅದು ಹೊಡೆತವನ್ನು ಸ್ವಲ್ಪ ಕಾಪಾಡುತ್ತದೆ. ಹೆಡ್, ಡನ್ಲಪ್, ಟೆಕ್ನಿಫೈಬರ್ ಮೂರರಲ್ಲೂ ಈ ಥರದ್ದು ಇದೆ. ಕಂಪನಿ ಹೆಸರಿಗಿಂತ, ತಲೆಯ ಅಂಚಿನ ಪ್ಲಾಸ್ಟಿಕ್ ಪಟ್ಟಿ ಬಂಪರ್ ಮತ್ತು ತಂತಿಯ ತೂತುಗಳಲ್ಲಿ ಕೂರುವ ಗ್ರೋಮೆಟ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳು. ಗೋಡೆಗೆ ಉಜ್ಜಿ ಮೊದಲು ಸವೆಯುವುದು ಅದೇ. ಅದನ್ನು ಬದಲಾಯಿಸಿಕೊಂಡರೆ ಫ್ರೇಮ್ ಉಳಿಯುತ್ತದೆ.

ಪೂರ್ತಿ 8 ಸಾವಿರ ರಾಕೆಟ್ಟಿಗೇ ಸುರಿಯಬೇಡ. ಆರು, ಆರೂವರೆಯಲ್ಲಿ ಮುಗಿಸು. ಕಂಪನಿಯಿಂದ ಬರುವ ತಂತಿ ಎಷ್ಟೋ ಸಲ ಸುಮಾರಾಗಿರುತ್ತದೆ. ಸ್ವಲ್ಪ ದಿನ ಆಡಿ, ಆಮೇಲೆ ಗಟ್ಟಿಂಗ್ ಮಾಡಿಸು, ಅಂದರೆ ಒಳ್ಳೆ ತಂತಿ ಹೊಸದಾಗಿ ಕಟ್ಟಿಸು. ತಂತಿಯ ಬಿಗಿ 25 ಪೌಂಡ್ ಸಾಕು, ಅಂಗಡಿಯವನು 28 ಅಂದರೆ ಬೇಡ ಅನ್ನು. ತಂತಿ ತುಂಡಾದ ದಿನವೇ ಮಿಕ್ಕಿದ್ದನ್ನೂ ಕತ್ತರಿಸಿಬಿಡಿ, ಒಂದು ಕಡೆ ಎಳೆತ ಉಳಿದರೆ ಫ್ರೇಮಿಗೆ ಒಳ್ಳೆಯದಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ರಾಕೆಟ್ ಬಿಡಬೇಡಿ. ಅಳಿಯಂದಿರೇ, ಇದು ನಿಮಗೆ.

ಉಳಿದ ದುಡ್ಡಲ್ಲಿ ಕಣ್ಣಿಗೆ ಸ್ಕ್ವಾಷ್ ಗಾಗಲ್ ಕೊಡಿಸಲೇಬೇಕು. ಚೆಂಡು 40 ಮಿಲಿಮೀಟರ್, ಕಣ್ಣಿನ ಗುಳಿಗೆ ಸರಿಯಾಗಿ ಹೋಗಿ ಕೂರುತ್ತದೆ. ಮಕ್ಕಳ ಟೂರ್ನಮೆಂಟಿನಲ್ಲಿ ಗಾಗಲ್ ಕಡ್ಡಾಯ. ಅವಳು ದಿನಾ ಹಾಕುವ ಕನ್ನಡಕ ಸಾಲುವುದಿಲ್ಲ, ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಲೆನ್ಸಿನದೇ ಬೇಕು. ಶನಿವಾರ ಅಂಗಡಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗು, ಬಿಲ್ ಹಾಕಿಸುವ ಮೊದಲು ನನಗೊಂದು ಫೋನ್ ಮಾಡು.