ಗೌಜಲಕ್ಕಿಯ ಎದೆ ಹೆಂಚಿನ ಮಾಡಿನ ಹಾಗೆ ಕಾಣುತ್ತಿದೆ, ಏನು ಮಾಡಲಿ?

ಪ್ರಶ್ನೆ: ಯಾನ್ ಬ್ಯಾಪ್ಟಿಸ್ಟ್ ವೇನಿಕ್ಸ್ ಸುಮಾರು 1650ರಲ್ಲಿ ಬರೆದ, ಮೊಳೆಗೆ ನೇತುಹಾಕಿದ ಸತ್ತ ಗೌಜಲಕ್ಕಿಯ ಚಿತ್ರ ಇದೆಯಲ್ಲ, ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಮ್ಮಿನಲ್ಲಿರುವುದು, ಅದನ್ನು ಆಯಿಲ್ ಕಲರ್‌ನಲ್ಲಿ ನಕಲು ಮಾಡುತ್ತಿದ್ದೇನೆ. ಮೂರು ವಾರ ಆಯ್ತು. ಎದೆಯ ಗರಿಗಳನ್ನು ಸೊನ್ನೆ ನಂಬರ್ ಬ್ರಶ್ಶಿನಲ್ಲಿ ಒಂದೊಂದಾಗಿ ಬರೆದೆ. ಹತ್ತಿರದಿಂದ ಚೆನ್ನಾಗಿದೆ. ನಾಲ್ಕು ಹೆಜ್ಜೆ ಹಿಂದೆ ಹೋದರೆ ಹೆಂಚು ಹೊದಿಸಿದ ಮಾಡು! ನೆರಳಿನ ಕಡೆ ಕಂದು ಬಣ್ಣವೂ ಅಲ್ಲಲ್ಲಿ ಮಂಕಾಗಿದೆ. ಸುಮ್ನೆ ವಾರ್ನಿಷ್ ಹೊಡೆದುಬಿಡಲೇ?

ಉತ್ತರ: ಬೇಡ ಬೇಡ, ವಾರ್ನಿಷ್‌ಗೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕು. ಅಂಬರ್‌ನಂಥ ಕಂದು ಮಣ್ಣಿನ ಬಣ್ಣಕ್ಕೆ ಎಣ್ಣೆ ಜಾಸ್ತಿ ಬೇಕು. ಇರುವ ಎಣ್ಣೆಯನ್ನು ಕೆಳಗಿನ ಪದರ ಹೀರಿಕೊಂಡರೆ ಮೇಲೆ ಹೊಳಪು ಸಾಯುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಅಗಸೆ ಎಣ್ಣೆಯನ್ನು ತೀರಾ ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಒರೆಸದಿದ್ದರೆ ಆಮೇಲೆ ಹಳದಿ ತಿರುಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ.

ಇನ್ನೊಬ್ಬರು: ಹೆಂಚಿನ ವಿಷಯಕ್ಕೆ ಬರೋಣ. ಗರಿಯಿಂದ ಶುರು ಮಾಡಿದ್ದೇ ಎಡವಟ್ಟು. ಕಣ್ಣು ಅರೆಮುಚ್ಚಿ ಮೂಲಚಿತ್ರ ನೋಡಿ. ಎದೆ ಒಂದು ದುಂಡು ಬುಟ್ಟಿ, ಅಷ್ಟೇ. ಮೊದಲು ಬೆಳಕು, ನಡುಬಣ್ಣ, ನೆರಳು, ಮೂರೇ ಹಾಕಿ. ಹಸಿ ಇರುವಾಗಲೇ ಮೆತ್ತನೆಯ ಒಣ ಬ್ರಶ್ಶಿನಿಂದ ಅಂಚು ಕರಗಿಸಿ. ಬೆಳಕು ನೆರಳಿಗೆ ತಿರುಗುವ ಕಡೆ ನಾಲ್ಕಾರು ಗರಿ ಎಳೆದರೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ನೆರಳಿಗೆ ಬಿಳಿ ಬೆರೆಸಬೇಡಿ, ತೆಳುವಾಗಿರಲಿ. ವೇನಿಕ್ಸ್ ಕಾಲದವರು ಬಳಸುತ್ತಿದ್ದುದು ಸೀಸದ ಬಿಳಿ, ಅದು ವಿಷ. ಟೈಟಾನಿಯಂ ಬಿಳಿ ಆಗುತ್ತದೆ, ಆದರೆ ಅದು ಪಕ್ಕದ ಬಣ್ಣವನ್ನೆಲ್ಲ ನುಂಗುತ್ತದೆ, ಚೂರೇ ಹಾಕಿ. ಅಂದಹಾಗೆ ವೇನಿಕ್ಸ್ ಮಗ ಯಾನ್, ಹೆಂಡತಿಯ ಸೋದರನ ಮಗ ಹೊಂಡೆಕೂಟರ್, ಇಬ್ಬರೂ ಹಕ್ಕಿ ಬರೆಯುವುದರಲ್ಲಿ ಹೆಸರು ಮಾಡಿದವರು. ಅವರ ಚಿತ್ರಗಳನ್ನೂ ಹಿಗ್ಗಿಸಿ ನೋಡಿ.

ಪ್ರಶ್ನೆ ಕೇಳಿದವರು: ಎದೆಯನ್ನು ಕೆರೆದು ಮತ್ತೆ ಹಾಕಿದೆ. ಹೆಂಚು ಹೋಯ್ತು, ಥ್ಯಾಂಕ್ಸ್! ಎಣ್ಣೆ ಸವರಿದ ಮೇಲೆ ಕಂದು ಬಣ್ಣಕ್ಕೂ ಜೀವ ಬಂತು. ಆದರೆ ಈಗ ಹಕ್ಕಿ ನೇತಾಡುತ್ತಿರುವ ಹಾಗಿಲ್ಲ, ಹಾರುತ್ತಿರುವ ಹಾಗಿದೆ.

ಇನ್ನೊಬ್ಬರು: ಒದ್ದೆ ಟವೆಲನ್ನು ಮೊಳೆಗೆ ಸಿಕ್ಕಿಸಿ ನೋಡಿ, ಭಾರ ಎಲ್ಲಿಗೆ ಇಳಿಯುತ್ತದೆ ಅಂತ ಗೊತ್ತಾಗುತ್ತದೆ. ರೆಕ್ಕೆಯೂ ಹಾಗೇ ಸಡಿಲವಾಗಿ ಜೋಲಬೇಕು. ಗೋಡೆಯ ಮೇಲಿನ ನೆರಳನ್ನೂ ಸರಿಮಾಡಿ. ಮೈ ಗೋಡೆಗೆ ತಾಗುವಲ್ಲಿ ಅಂಚು ಚೂಪು, ದೂರ ಸರಿದಲ್ಲಿ ಮಸುಕು.